ತ್ರೀ ಪಿನ್ ಟಾಪ್‌ಗೆ ಹಿತ್ತಾಳೆ ಸ್ಕ್ರೂ ಹಾಕಿದ್ದು: ನನ್ನ ಅನುಭವ

ನಮ್ಮ ಮನೆ ಮಂಗಳೂರಿನಲ್ಲಿ. ಇಲ್ಲಿನ ಉಪ್ಪುಗಾಳಿಗೆ, ಮಳೆಗೆ ಕಬ್ಬಿಣದ ಸಾಮಾನು ಬೇಗ ತುಕ್ಕು ಹಿಡಿಯುತ್ತದೆ. ಕಳೆದ ಮಳೆಗಾಲದಲ್ಲಿ ಆಂಪ್ಲಿಫೈಯರಿನ ಪವರ್ ಕಾರ್ಡ್ ಸ್ವಲ್ಪ ಅಲುಗಿದರೂ ಸ್ಪೀಕರಿನಲ್ಲಿ ಚಟ್ ಚಟ್ ಎನ್ನತೊಡಗಿತು. ಅದೇ ಹೊತ್ತಿಗೆ ಗೆಳೆಯರೊಬ್ಬರು, "ಕಾರ್ಡಿನ ತುದಿಯ ಪ್ಲಗ್ ಇದೆಯಲ್ಲ, ಆ ಟಾಪ್‌ಗೆ ಮ್ಯಾಗ್ನೆಟ್ ಹಿಡಿಯದ ಸ್ಕ್ರೂ ಹಾಕಿ ನೋಡಿ, ದನಿ ತಿಳಿಯಾಗುತ್ತದೆ" ಎಂದರು. ಜಪಾನಿನ ಫುರುಟೆಕ್‌ನಂಥ ಕಂಪನಿಗಳು ಇದನ್ನೇ ಹೇಳಿ ದುಬಾರಿ ಪ್ಲಗ್ ಮಾರುತ್ತವೆ. ನನ್ನದು ಸಾಮಾನ್ಯ ದುಂಡು ಪಿನ್ನಿನ ಟಾಪ್. ನಾನೇ ಕೈ ಹಾಕಿದೆ.

ಕಾರ್ಡನ್ನು ಎರಡೂ ಕಡೆಯಿಂದ ಕಿತ್ತು ಮೇಜಿನ ಮೇಲಿಟ್ಟು ಬಿಚ್ಚಿದೆ. ಒಟ್ಟು ಆರು ಸ್ಕ್ರೂ. ವೈರ್ ಒತ್ತಿ ಹಿಡಿಯುವುದು ಮೂರು, ಕಾರ್ಡ್ ಹಿಡಿಯುವ ಪಟ್ಟಿಗೆ ಎರಡು, ಮುಚ್ಚಳಕ್ಕೆ ಒಂದು. ಪಿನ್‌ಗಳು ಹಿತ್ತಾಳೆ, ಅವಕ್ಕೆ ಮ್ಯಾಗ್ನೆಟ್ ಅಂಟಲಿಲ್ಲ. ಆರೂ ಸ್ಕ್ರೂಗಳಿಗೆ ಟಕ್ಕನೆ ಅಂಟಿತು. ನ್ಯೂಟ್ರಲ್ ಸ್ಕ್ರೂ ಮಾತ್ರ ಬೆರಳಲ್ಲೇ ತಿರುಗುವಷ್ಟು ಸಡಿಲವಾಗಿತ್ತು. ಯಾರೋ ವೈರಿನ ತುದಿಗೆ ಸೋಲ್ಡರ್ ಹಾಕಿ ಸ್ಕ್ರೂ ಬಿಗಿದಿದ್ದರು. ಇದು ದೊಡ್ಡ ತಪ್ಪು. ಸೋಲ್ಡರ್ ಮೆದು. ಒತ್ತಡಕ್ಕೆ ದಿನ ಕಳೆದಂತೆ ಚಪ್ಪಟೆಯಾಗುತ್ತಾ ಹೋಗುತ್ತದೆ, ಬಿಗಿ ತಪ್ಪುತ್ತದೆ.

ಕಬ್ಬಿಣ ಬೇಡ ಅನ್ನುವುದರಲ್ಲಿ ಹುರುಳಿಲ್ಲದೆ ಇಲ್ಲ. ದೊಡ್ಡ ಪ್ಯಾನೆಲ್‌ಗಳಲ್ಲಿ ಒಂಟಿ ಕೋರ್ (ಒಳಗೆ ಒಂದೇ ವೈರ್ ಇರುವ) ಕೇಬಲ್‌ಗಳನ್ನು ಕಬ್ಬಿಣದ ಪ್ಲೇಟಿನ ಬೇರೆ ಬೇರೆ ತೂತುಗಳಲ್ಲಿ ತೂರಿಸಿದರೆ ಪ್ಲೇಟೇ ಬಿಸಿಯಾಗುತ್ತದೆ. ಅದಕ್ಕೇ ಅಲ್ಲಿ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಪ್ಲೇಟ್ ಹಾಕುತ್ತಾರೆ. ಆದರೆ ಅದು ನೂರಾರು ಆಂಪಿಯರ್ ಹರಿಯುವ ಜಾಗ. ಮನೆಯಲ್ಲಿ ಹದವಾದ ದನಿಯಲ್ಲಿ ಕೇಳುವಾಗ ನನ್ನ ಆಂಪ್ಲಿಫೈಯರ್ ಒಂದು ಆಂಪಿಯರನ್ನೂ ಎಳೆಯುವುದಿಲ್ಲ. ಅಲ್ಲದೆ ಕರೆಂಟ್ ಬಹುಪಾಲು ವೈರಿನಿಂದ ನೇರ ಪಿನ್ನಿಗೆ ಹೋಗುತ್ತದೆ. ಸ್ಕ್ರೂವಿನ ಕೆಲಸ ಒತ್ತಿ ಹಿಡಿಯುವುದು ಅಷ್ಟೇ.

ಸ್ಕ್ರೂಗೆಂದು ಬಂದರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಹಳದಿ ಬಣ್ಣದ್ದನ್ನು ಕೊಟ್ಟು, "ಹಿತ್ತಾಳೆಯೇ ಮಾರಾಯ್ರೇ" ಎಂದರು. ಜೇಬಿನಲ್ಲಿದ್ದ ಮ್ಯಾಗ್ನೆಟ್ ಹಿಡಿದೆ, ಅಂಟಿತು. ಕಬ್ಬಿಣಕ್ಕೆ ಹಳದಿ ಲೇಪ! ಅವರಿಗೂ ಆಶ್ಚರ್ಯ. ಒಳಗಿನಿಂದ ಬೇರೆ ಡಬ್ಬ ತಂದರು, ಅದು ಅಪ್ಪಟ ಹಿತ್ತಾಳೆ. 304 ಎಂಬ ಬಗೆಯ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂವನ್ನೂ ನೋಡಿದೆ. ಮರೆ (ಸ್ಕ್ರೂವಿನ ಸುರುಳಿ ಗೆರೆ) ಮೂಡಿಸುವಾಗ ಬೀಳುವ ಒತ್ತಡದಿಂದ ಅದಕ್ಕೂ ಸ್ವಲ್ಪ ಮ್ಯಾಗ್ನೆಟ್ ಸೆಳೆತ ಬಂದಿರುತ್ತದೆ. ಹಾಗಾಗಿ ಮ್ಯಾಗ್ನೆಟ್ ಇಲ್ಲದೆ ಈ ಸ್ಕ್ರೂ ಕೊಳ್ಳಲು ಹೋಗಬೇಡಿ.

ನನಗೆ ಬೇಕಿದ್ದದ್ದು 6 ಮಿ.ಮೀ. ಉದ್ದದ ಎಂ4, ಅಂದರೆ 4 ಮಿ.ಮೀ. ದಪ್ಪದ ಸ್ಕ್ರೂ. ಸಿಕ್ಕಿದ್ದು 10 ಮಿ.ಮೀ. ಕತ್ತರಿಸುವ ಮುಂಚೆ ಒಂದು ನಟ್ ಏರಿಸಿಕೊಂಡೆ. ಗರಗಸದಿಂದ ಕೊಯ್ದು, ಅರ ಹಾಕಿ ತುದಿಯನ್ನು ನುಣ್ಣಗೆ ದುಂಡು ಮಾಡಿ, ಆಮೇಲೆ ನಟ್ ಬಿಚ್ಚಿದೆ. ನಟ್ ಹೊರಗೆ ಬರುವಾಗ ಕೆಟ್ಟ ಮರೆಯನ್ನು ತಾನೇ ಸರಿ ಮಾಡುತ್ತದೆ. ತುದಿ ಚೂಪಾಗಿ ಉಳಿದರೆ ವೈರಿನ ಎಳೆಗಳು ತುಂಡಾಗುತ್ತವೆ.

ಸೋಲ್ಡರ್ ಇದ್ದ ತುದಿಗಳನ್ನು ಕತ್ತರಿಸಿ ಎಸೆದೆ. ಹೊಸದಾಗಿ ಸುಲಿದು, ತಾಮ್ರದ ಪುಟ್ಟ ಕೊಳವೆ ಹಾಕಿ ಕ್ರಿಂಪ್ ಮಾಡಿದೆ, ಅಂದರೆ ಕೊಳವೆಯನ್ನು ವೈರಿನ ಮೇಲೆ ಅಮುಕಿ ಬಿಗಿದೆ. ಅರ್ತ್ ವೈರನ್ನು ಸ್ವಲ್ಪ ಉದ್ದ ಬಿಟ್ಟೆ. ಯಾರಾದರೂ ಕಾರ್ಡ್ ಜಗ್ಗಿದರೆ ಅದು ಕೊನೆಗೆ ಕಿತ್ತುಬರಬೇಕು. ಹಿತ್ತಾಳೆ ಕಬ್ಬಿಣಕ್ಕಿಂತ ಮೆದು, ಜಾಸ್ತಿ ಬಿಗಿದರೆ ತಲೆಯೇ ಮುರಿಯುತ್ತದೆ. ನನ್ನದೊಂದು ಹಾಗೇ ಮುರಿಯಿತು. ಸರಿಯಾದ ಅಳತೆಯ ಸ್ಕ್ರೂ ಡ್ರೈವರಿನಲ್ಲಿ ಗಟ್ಟಿಯಾಗುವವರೆಗೆ ತಿರುಗಿಸಿ ನಿಲ್ಲಿಸಬೇಕು. ಕೊನೆಗೆ ಮೀಟರ್ ಹಿಡಿದು ಮೂರೂ ಪಿನ್ ತಮ್ಮ ತಮ್ಮ ವೈರಿಗೆ ಸೇರಿವೆಯೇ, ಒಂದಕ್ಕೊಂದು ತಾಗಿಲ್ಲವೇ ಎಂದು ನೋಡಿಯೇ ಗೋಡೆಗೆ ಚುಚ್ಚಿದೆ.

ಚಟ್ ಚಟ್ ನಿಂತಿತು. ಆದರೆ ಅದು ಬಿಗಿಯಾದ ಜೋಡಣೆಯಿಂದಲೋ ಹಿತ್ತಾಳೆಯಿಂದಲೋ? ಅದನ್ನು ತಿಳಿಯಲೇಬೇಕಿತ್ತು. ಅದೇ ಬಗೆಯ ಇನ್ನೊಂದು ಕಾರ್ಡ್ ತಂದು, ಅದಕ್ಕೂ ಹೀಗೇ ಕ್ರಿಂಪ್ ಮಾಡಿ, ಕಬ್ಬಿಣದ ಸ್ಕ್ರೂ ಬಿಗಿದೆ. ಮಲ್ಲಿಕಾರ್ಜುನ ಮನ್ಸೂರರ ಒಂದು ಮುದ್ರಣ ಆರಿಸಿಕೊಂಡೆ. ಹಿಂದೆ ಮಿಡಿಯುವ ತಂಬೂರಿ ನನ್ನ ಕಿವಿಗೆ ಚೆನ್ನಾಗಿ ಪರಿಚಯ. ನಾನು ಪಕ್ಕದ ಕೋಣೆಗೆ ಹೋಗುವುದು, ಹೆಂಡತಿ ಕಾರ್ಡ್ ಬದಲಿಸುವುದು ಅಥವಾ ಸುಮ್ನೆ ಹಾಗೇ ಬಿಡುವುದು, ನಾನು ಬಂದು ಕೇಳುವುದು. "ಈಗ ಯಾವುದು ಹೇಳಿ?" ಹತ್ತು ಸಲದಲ್ಲಿ ಸರಿ ಹೇಳಿದ್ದು ಐದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು, ಅಲ್ವಾ? ಚಟ್ ಚಟ್ ಮಾತ್ರ ಎರಡರಲ್ಲೂ ಇರಲಿಲ್ಲ. ಗೆಳೆಯರಿಗೆ ಇದನ್ನೇ ಹೇಳಿದೆ.

ಆದರೂ ಹಿತ್ತಾಳೆ ಸ್ಕ್ರೂಗಳನ್ನು ತೆಗೆದಿಲ್ಲ. ಹಳೆಯವುಗಳ ತಲೆಯ ಮೇಲಿದ್ದ ಕೆಂಪು ತುಕ್ಕು ನೋಡಿದ್ದೇನೆ. ಈ ಊರಿನಲ್ಲಿ ಅದೊಂದೇ ಕಾರಣ ಸಾಕು. ಒಂದು ತಿಂಗಳಾದ ಮೇಲೆ ಕಾರ್ಡ್ ಕಿತ್ತು ಮತ್ತೆ ಬಿಚ್ಚಿದೆ. ಫೇಸ್, ಅರ್ತ್ ಗಟ್ಟಿಯಾಗಿದ್ದವು. ನ್ಯೂಟ್ರಲ್ ಇನ್ನೂ ಕಾಲು ಸುತ್ತು ತಿರುಗಿತು.