ಮನೆ ಕಸದ ಲೆಕ್ಕ ಮೊಬೈಲಿನಲ್ಲಿ ಇಡುವುದು ಹೇಗೆ?

ಕೈ ತೋರಿಸಿದರೆ ತಾನೇ ತೆರೆದುಕೊಳ್ಳುವ 'ಸ್ಮಾರ್ಟ್ ಡಸ್ಟ್‌ಬಿನ್' ತರೋಣ ಅಂದುಕೊಂಡಿದ್ದೀರಾ? ಸದ್ಯಕ್ಕೆ ಬೇಡ. ಅದು ಮುಚ್ಚಳ ತೆಗೆಯುತ್ತದೆ, ಅಷ್ಟೇ. 2016ರ ಘನತ್ಯಾಜ್ಯ ನಿಯಮ ಬಂದಾಗಿನಿಂದ ಕಸ ಬೇರ್ಪಡಿಸಿ ಕೊಡುವುದು ಮನೆಯವರದೇ ಜವಾಬ್ದಾರಿ. ಅದಕ್ಕೆ ಕೈಯೇ ಬೇಕು. ಲೆಕ್ಕಕ್ಕೆ ಮೊಬೈಲ್, ಜೊತೆಗೆ ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಸಾಕು.

ಮೊದಲು ಡಬ್ಬಿ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ಡೈಪರ್, ಪ್ಯಾಡ್ ಪೇಪರಲ್ಲಿ ಸುತ್ತಿ ಬೇರೆ ಇಡಿ. ಹಳೇ ಬ್ಯಾಟರಿ, ಬಲ್ಬ್, ಅವಧಿ ಮುಗಿದ ಮಾತ್ರೆ ಇನ್ನೊಂದು ಕಡೆ. ತುಮಕೂರಿನವರಿಗೆ ಗೊಂದಲ ಆಗೋದು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸಲ್ ಬಿಚ್ಚಿದಾಗ. ಬಾಳೆಲೆ ಇದ್ದರೆ ಹಸಿ, ಚಟ್ನಿ ಕವರ್ ಒಣ. ಆದರೆ ಕವರ್ ತೊಳೆದು ಒಣಗಿಸಿಯೇ ಹಾಕಬೇಕು, ಇಲ್ಲದಿದ್ದರೆ ಜೊತೆಗಿರುವ ಪೇಪರ್, ರಟ್ಟು ಎಲ್ಲವೂ ಕೆಡುತ್ತದೆ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆ ಪೂರ್ತಿ ತುಂಡಾಗದಂತೆ ನೋಡಿಕೊಳ್ಳಿ. ಆ ಚೂರು ಗುಜರಿಗೂ ಸಿಗಲ್ಲ, ಸೀದಾ ಮೋರಿಗೆ ಹೋಗುತ್ತದೆ.

ಇನ್ನು ಫೋನ್. ಪ್ರಶ್ನೆ ಹಾಕಿ ಉತ್ತರ ಕೂಡಿಡುವ ಗೂಗಲ್ ಫಾರ್ಮ್ಸ್ ತೆರೆದು ಎರಡು ಪ್ರಶ್ನೆ ಹಾಕಿ: ಯಾವ ಕಸ, ಎಷ್ಟು ತೂಕ. ತಾರೀಖು ತಾನಾಗಿಯೇ ದಾಖಲಾಗುತ್ತದೆ. 'ರೆಸ್ಪಾನ್ಸಸ್' ಒತ್ತಿ, ಬರೆದದ್ದೆಲ್ಲ ಪಟ್ಟಿಯಾಗಿ ಸಿಗುವ ಗೂಗಲ್ ಶೀಟ್ಸ್‌ಗೆ ಜೋಡಿಸಿ. ಫಾರ್ಮಿನ ಲಿಂಕನ್ನು ಕ್ರೋಮ್‌ನಲ್ಲಿ ತೆರೆದರೆ ಶೇರ್ ಒಳಗೆ ಕ್ಯೂಆರ್ ಕೋಡ್ ಮಾಡಿಕೊಳ್ಳಬಹುದು. ಪ್ರಿಂಟ್ ತೆಗೆದು ಡಬ್ಬಿ ಮೇಲಿನ ಗೋಡೆಗೆ ಅಂಟಿಸಿ. ಮುಚ್ಚಳಕ್ಕೆ ಬೇಡ, ತೊಳೆಯುವಾಗ ಹಾಳಾಗುತ್ತದೆ. ಈಗ ಮನೆಯಲ್ಲಿ ಯಾರು ಬೇಕಾದರೂ ಸ್ಕ್ಯಾನ್ ಮಾಡಿ ತೂಕ ಬರೆಯಬಹುದು. ಮಕ್ಕಳಿಗೆ ಬಿಟ್ಟರೆ ಜಗಳ ಆಡಿಕೊಂಡು ಬರೆಯುತ್ತಾರೆ!

ಗಾಡಿ ಬರುವ ಮುಂಚೆ ತೂಗಿ. ಡಬ್ಬಿ ಸಮೇತ ತೂಗಿದರೆ ಖಾಲಿ ಡಬ್ಬಿಯ ತೂಕ ಕಳೆಯಲು ಮರೆಯಬೇಡಿ. ಒಣ ಕಸ ವಾರಕ್ಕೊಮ್ಮೆ ತೂಗಿದರೆ ಸಾಕು. ಮನೆಯಲ್ಲೇ ಗೊಬ್ಬರ ಮಾಡುವವರೂ ಹಸಿ ಕಸ ಬರೆದಿಡಿ.

ತಿಂಗಳಾದ ಮೇಲೆ ಶೀಟ್ಸ್‌ನಲ್ಲಿ ಚಾರ್ಟ್ ಹಾಕಿ ನೋಡಿ. ಹಲಸಿನ ಕಾಲದಲ್ಲಿ ಹಸಿ ಕಸದ ಗೆರೆ ಜಿಗಿದೇ ಜಿಗಿಯುತ್ತದೆ, ಗಾಬರಿ ಬೇಡ. ಕಣ್ಣಿಡಬೇಕಾದ್ದು ಚೆಲ್ಲುವ ಅನ್ನ, ಸಾರಿನ ಮೇಲೆ. ಸಿಪ್ಪೆಯೂ ಅನ್ನವೂ ಒಂದೇ ಅಂಕಿಯಲ್ಲಿ ಸೇರಿಹೋದರೆ ಏನೂ ತಿಳಿಯಲ್ಲ ಅಲ್ವಾ? ಹಾಗಾಗಿ ಫಾರ್ಮಿನ 'ಯಾವ ಕಸ' ಪ್ರಶ್ನೆಗೆ 'ಉಳಿದ ಊಟ' ಅಂತ ಇನ್ನೊಂದು ಆಯ್ಕೆ ಸೇರಿಸಿ. ತೆಂಗಿನ ಚಿಪ್ಪನ್ನೂ ಬೇರೆ ಬರೆಯಿರಿ. ನಮ್ಮ ಕಡೆ ದಿನಾ ಕಾಯಿ ಒಡೆಯುತ್ತೇವೆ. ಚಿಪ್ಪು ತೂಕ ಜಾಸ್ತಿ, ಬೇಗ ಕೊಳೆಯುವುದೂ ಇಲ್ಲ. ನೀರೊಲೆ ಇರುವವರು ಅದನ್ನು ಗಾಡಿಗೆ ಹಾಕುವುದೇ ಬೇಡ.