ತೌಡಿನ ಡಬ್ಬಿ, ಟೀ ಸುರಿದ ಅನ್ನ, ಒಂದು ಜಪಾನೀ ಸಿನಿಮಾ

ಬೇರೆ ದೇಶದ ಸಿನಿಮಾ ನೋಡುವ ರಾತ್ರಿ ಅಲ್ಲಿಯದೇ ಅಡುಗೆ ಮಾಡುವ ಹುಚ್ಚು ನನಗಿದೆ. ಮೊದಮೊದಲು ಇಟಲಿ ಸಿನಿಮಾ ಅಂದರೆ ಪಾಸ್ತಾ, ಮೆಕ್ಸಿಕೊ ಅಂದರೆ ಟಾಕೊ. ಸಿನಿಮಾದೊಳಗಿನ ಜನ ಏನು ತಿನ್ನುತ್ತಿದ್ದಾರೆ ಅಂತ ನೋಡುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಸಬ್‌ಟೈಟಲ್ ಓದುತ್ತಾ ಊಟ ಮಾಡುವುದು ಆಗದ ಕೆಲಸ. ತಟ್ಟೆ ನೋಡಿದರೆ ಮಾತು ತಪ್ಪುತ್ತದೆ, ಪರದೆ ನೋಡಿದರೆ ಪಾಸ್ತಾ ಮಡಿಲಿಗೆ ಬೀಳುತ್ತದೆ.

ಜಪಾನಿನ ನಿರ್ದೇಶಕ ಯಾಸುಜಿರೊ ಓಝು ಅವರ 1952ರ ಸಿನಿಮಾ 'ಒಚಾಝುಕೆ ನೊ ಅಜಿ' ನನ್ನ ಲೆಕ್ಕಾಚಾರ ಬದಲಿಸಿತು. ಹೆಸರಿನ ಅರ್ಥ 'ಒಚಾಝುಕೆಯ ರುಚಿ'. ಒಚಾಝುಕೆ ಅಂದರೆ ಮಿಕ್ಕ ಅನ್ನಕ್ಕೆ ಬಿಸಿ ಹಸಿರು ಟೀ ಸುರಿದು, ಉಪ್ಪಿನಕಾಯಿ ನೆಂಚಿಕೊಂಡು ತಿನ್ನುವುದು, ಅಷ್ಟೇ. ಟೋಕಿಯೊದ ನಡುವಯಸ್ಸಿನ ಗಂಡ ಹೆಂಡತಿಯ ಕಥೆ ಇದು. ಹೆಂಡತಿ ಶ್ರೀಮಂತರ ಮಗಳು, ಗಂಡ ಹಳ್ಳಿ ಕಡೆಯವನು. ಅವನು ಅನ್ನಕ್ಕೆ ಸೂಪ್ ಸುರಿದುಕೊಂಡು ತಿಂದರೆ ಇವಳಿಗೆ ಮೈಯೆಲ್ಲ ಉರಿ. ಕೊನೆ ಹತ್ತಿರ ಒಂದು ಮಧ್ಯರಾತ್ರಿ ಇಬ್ಬರಿಗೂ ಹಸಿವಾಗುತ್ತದೆ. ಕೆಲಸದವಳು ಮಲಗಿದ್ದಾಳೆ. ತಮ್ಮದೇ ಅಡುಗೆಮನೆಯಲ್ಲಿ ಯಾವುದು ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿಲ್ಲ. ಹುಡುಕುತ್ತಾರೆ. ಮುಂದಿನದು ನಾನು ಹೇಳುವುದಿಲ್ಲ.

ಈ ಸಿನಿಮಾಗೆ ಸುಶಿ ಮಾಡಿದರೆ ಏನು ಬಂತು? ಟೀ ಅನ್ನವೇ ಆಗಬೇಕು ಅಂತ ಹಟ ಹಿಡಿದೆ. ಸುಲಭ ಅಂದುಕೊಂಡಿದ್ದೆ.

ಉಪ್ಪಿನಕಾಯಿಯಲ್ಲೇ ಸಿಕ್ಕಿಹಾಕಿಕೊಂಡೆ. ಆ ಅಡುಗೆಮನೆಯಲ್ಲಿ ಅವರು ಹೊರತೆಗೆಯುವುದು ಅಕ್ಕಿ ತೌಡಿನಲ್ಲಿ ಹುದುಗಿಸಿದ ತರಕಾರಿ. ಅವಳು ಕೈ ಹಾಕುವಾಗ ಗಂಡ ಅವಳ ಕಿಮೊನೊ ತೋಳನ್ನು ಎತ್ತಿ ಹಿಡಿಯುತ್ತಾನೆ. ಆ ತೋಳು ನೋಡಿದ ಮೇಲೆ ತೌಡಿಲ್ಲದೆ ಹೇಗೆ? ರೈಸ್ ಮಿಲ್ಲಿಗೆ ಹೋದೆ. "ಎಮ್ಮೆ ಕಟ್ಟಿದೀರೇನಮ್ಮಾ?" ಅಂದರು. ಜಪಾನ್ ಕಥೆ ಹೇಳುವ ಬದಲು ಹೂಂ ಅಂದುಬಿಟ್ಟೆ.

ತೌಡು ಅವತ್ತು ಬಂದದ್ದೇ ಆಗಬೇಕು. ಅದರಲ್ಲಿ ಎಣ್ಣೆ ಇರುವುದರಿಂದ ಬೇಗ ಕಮಟು ಹಿಡಿಯುತ್ತದೆ. ಜರಡಿ ಹಿಡಿದು, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಆರಿಸಿದೆ. ಒಂದು ಕೆ.ಜಿ. ತೌಡಿಗೆ 130 ಗ್ರಾಂ ಉಪ್ಪು, ಹೆಚ್ಚುಕಮ್ಮಿ ಒಂದು ಲೀಟರ್ ನೀರು, ನಾಲ್ಕು ಒಣಮೆಣಸಿನಕಾಯಿ. ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ಸ್ವಲ್ಪವೇ ನೀರು ಇಣುಕಬೇಕು. ಮೊದಲ ಹತ್ತು ಹನ್ನೆರಡು ದಿನ ಎಲೆಕೋಸಿನ ಹೊರ ಎಲೆ, ಮೂಲಂಗಿ ತುದಿ ಹೂತಿಟ್ಟು ತೆಗೆದೆಸೆಯಬೇಕು. ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ನೆಲೆ ನಿಲ್ಲುವುದಕ್ಕೆ ಅಷ್ಟು ದಿನ ಬೇಕು. ದಿನಾ ಕೈ ಹಾಕಿ ಅಡಿಯದ್ದು ಮೇಲೆ, ಮೇಲಿನದ್ದು ಅಡಿಗೆ ಮಾಡಲೇಬೇಕು. ನಾನು ಮೂರು ದಿನ ಮದುವೆಗೆ ಹೋಗಿ ಬಂದೆ, ಮೇಲೆ ಬಿಳಿ ಪೊರೆ ಕಟ್ಟಿತ್ತು. ಉಗುರು ಬಣ್ಣ ತೆಗೆಯುವ ದ್ರಾವಣದ ವಾಸನೆ. "ತೌಡು ಕುಟ್ಟೋದು ಅಂದ್ರೆ ಇದೇ ಅಲ್ವಾ" ಅಂತ ಇವರು ನಕ್ಕರು. ಮೇಲಿನ ಒಂದಿಂಚು ಕೆರೆದು ಎಸೆದು, ಹೊಸ ತೌಡು, ಉಪ್ಪು ಸೇರಿಸಿ ನಾಲ್ಕು ದಿನ ಕಲಸಿದ ಮೇಲೆ ಸರಿಹೋಯಿತು. ನಮ್ಮ ಸೆಕೆಗೆ ಸೌತೆಕಾಯಿ ಒಂದು ರಾತ್ರಿಗೇ ತಯಾರು, ಕ್ಯಾರೆಟ್‌ಗೆ ಎರಡು ದಿನ.

ಅನ್ನಕ್ಕೆ ಜಪಾನಿನ ಗುಂಡು ಅಕ್ಕಿ ತರಿಸಲಿಲ್ಲ, ಬೆಲೆ ನೋಡಿ ಕೈಬಿಟ್ಟೆ. ಮಾಮೂಲಿ ಸೋನಾ ಮಸೂರಿಯ ಅನ್ನ ಉದುರುದುರಾಗಿ ಟೀಯಲ್ಲಿ ತೇಲಿತು. ಆಗ ಹೊಸ ಅಕ್ಕಿ ನೆನಪಾಯಿತು. "ಮುದ್ದೆ ಆಗುತ್ತೆ, ಬೇಡಿ" ಅಂತ ಅಂಗಡಿಯವರು ಬಯ್ದರೂ ಅದನ್ನೇ ತಂದೆ. ನನಗೆ ಬೇಕಾದದ್ದೇ ಆ ಅಂಟು.

ಟೀ ಇನ್ನೊಂದು ಪಾಠ. ಮೊದಲ ಸಲ ನಿಂಬೆ ಪರಿಮಳದ ಗ್ರೀನ್ ಟೀ ಬ್ಯಾಗ್ ಕುದಿಯುವ ನೀರಿಗೆ ಹಾಕಿದ್ದೆ. ಕಷಾಯ. ಹಸಿರು ಟೀಗೆ ಕುದಿ ಇಳಿದ ನೀರು ಬೇಕು, 80 ಡಿಗ್ರಿ ಸಾಕು. ಆದರೆ ಅಷ್ಟು ಆರಿದರೆ ಅನ್ನದ ಮೇಲೆ ಬಿಸಿ ನಿಲ್ಲುವುದಿಲ್ಲ. ಕೊನೆಗೆ ನೀಲಗಿರಿಯ ಹಸಿರು ಟೀ ಎಲೆಯನ್ನು ಬಾಣಲೆಯಲ್ಲಿ ಕಂದು ಬಣ್ಣಕ್ಕೆ ಹುರಿದೆ. ಜಪಾನಿನಲ್ಲಿ ಹುರಿದ ಟೀಗೆ ಹೋಜಿಚಾ ಅನ್ನುತ್ತಾರೆ. ಅದು ಕುದಿನೀರನ್ನೂ ತಡೆದುಕೊಳ್ಳುತ್ತದೆ, ಕಹಿಯೂ ಕಮ್ಮಿ. ಮೇಲಕ್ಕೆ ಹುರಿದ ಎಳ್ಳು, ಗ್ಯಾಸ್ ಉರಿಗೆ ಒಂದು ಕ್ಷಣ ಹಿಡಿದು ಕತ್ತರಿಸಿದ ನೋರಿ ಹಾಳೆ (ಒಣಗಿಸಿದ ಕಡಲಪಾಚಿ), ಚಿಟಿಕೆ ಉಪ್ಪು. ಜಪಾನಿನ ನಾಗಾತಾನಿಎನ್ ಕಂಪನಿ ಒಚಾಝುಕೆಗೆ ಹಾಕುವ ಪುಡಿಯ ಪೊಟ್ಟಣ ಮಾರಲು ಶುರು ಮಾಡಿದ್ದೂ ಸಿನಿಮಾ ಬಂದ 1952ರಲ್ಲೇ. ನಾನು ಪೊಟ್ಟಣ ತರಿಸಲಿಲ್ಲ, ತೌಡಿಗೆ ಅಷ್ಟು ಕಷ್ಟಪಟ್ಟು ಪೊಟ್ಟಣವೇ?

ಶನಿವಾರ ಏಳೂವರೆಗೆ ಸಿನಿಮಾ ಹಾಕಿದೆ. ಮೇಲಿನ ಮನೆಯ ಗಂಡ ಹೆಂಡತಿ, ಅತ್ತೆ, ನಾವಿಬ್ಬರು. ನೋಡುವಾಗ ತಿನ್ನಲು ಬೇಯಿಸಿದ ಕಡಲೆಕಾಯಿ ಮಾತ್ರ. ಕಣ್ಣು ಪರದೆ ಮೇಲಿದ್ದರೂ ಸುಲಿಯಬಹುದು. ನಡುವೆ ರಾಮೆನ್ ನೂಡಲ್ಸ್ ತಿನ್ನುವ ದೃಶ್ಯವೂ ಇದೆ. ಅದರ ಆಸೆಗೆ ಬೀಳಲಿಲ್ಲ.

ಗಂಡ ಅನ್ನಕ್ಕೆ ಸೂಪ್ ಸುರಿದ, ಹೆಂಡತಿ ಮುಖ ಸಿಂಡರಿಸಿ ಎದ್ದುಹೋದಳು. ಅತ್ತೆಗೆ ಏನೂ ಅರ್ಥವಾಗಲಿಲ್ಲ. "ಅನ್ನಕ್ಕೆ ಸಾರು ಹಾಕ್ಕೊಂಡ, ಅದರಲ್ಲಿ ತಪ್ಪೇನೇ?" ಸಿನಿಮಾ ನಿಲ್ಲಿಸಿ ಹೇಳಬೇಕಾಯಿತು. ಅಲ್ಲಿ ಅನ್ನದ ಬಟ್ಟಲು ಬೇರೆ, ಸೂಪಿನ ಬಟ್ಟಲು ಬೇರೆ. ಎರಡನ್ನೂ ಕಲೆಸಿದರೆ ನೆಕೊ ಮನ್ಮಾ, ಅಂದರೆ ಬೆಕ್ಕಿನ ಊಟ. "ಹಾಗಾದ್ರೆ ನಾವೆಲ್ಲ ಬೆಕ್ಕುಗಳೇ" ಅಂದರು ಅತ್ತೆ. ಆಮೇಲೆ ಪೂರ್ತಿ ಸಿನಿಮಾ ಗಂಡನ ಪಕ್ಷ.

ಇದರ ಮೊದಲ ಚಿತ್ರಕಥೆ ಬರೆದದ್ದು ಯುದ್ಧದ ದಿನಗಳಲ್ಲಿ. ಅದರಲ್ಲಿ ಗಂಡ ಹೊರಡುವುದು ರಣರಂಗಕ್ಕೆ. ಸೈನಿಕನನ್ನು ಕಳಿಸುವಾಗ ಶುಭಕ್ಕೆ ಕೆಂಪು ಕಾಳಿನ ಅನ್ನ ಉಣ್ಣಬೇಕು, ಟೀ ಅನ್ನ ಏನಿದು ಅಂತ ಸೆನ್ಸಾರಿನವರು ತಕರಾರು ಮಾಡಿದರು. ಕಡೆಗೆ 1952ರಲ್ಲಿ ಗಂಡ ಕೆಲಸದ ಮೇಲೆ ಉರುಗ್ವೆಗೆ ಹೊರಟ. ಇದನ್ನು ಎಲ್ಲರಿಗೂ ಮೊದಲೇ ಹೇಳಿದ್ದೆ. ಹಾಗಾಗಿ ಟೀ ಅನ್ನ ಬಂದಾಗ ಯಾರೂ ಇಷ್ಟೇನಾ ಅನ್ನಲಿಲ್ಲ.

ಸಿನಿಮಾ ಮುಗಿದಾಗ ಒಂಬತ್ತೂವರೆ ದಾಟಿತ್ತು. ನಾನು ಎದ್ದು ಬಡಿಸಲಿಲ್ಲ. "ಎಲ್ಲ ಅಡುಗೆಮನೇಲೇ ಇದೆ, ಹುಡುಕ್ಕೊಳ್ಳಿ" ಅಂದೆ. ಮೊದಲು ಮುಜುಗರ, ಆಮೇಲೆ ಒಂದೊಂದೇ ಕಪಾಟು ತೆರೆದರು. ಬಟ್ಟಲು ಸಿಕ್ಕರೆ ಚಮಚ ಇಲ್ಲ. ಎಳ್ಳು ಅಂತ ಜೀರಿಗೆ ಡಬ್ಬಿ ತೆಗೆದರು. ಮದುವೆಯಾಗಿ ಹದಿನಾಲ್ಕು ವರ್ಷವಾದ ಇವರಿಗೆ ಟೀ ಸೋಸುವ ಜಾಲರಿ ಎಲ್ಲಿದೆ ಗೊತ್ತಿರಲಿಲ್ಲ. ಎಲ್ಲರೂ ನಿಂತೇ ತಿಂದರು, ಸೊರಸೊರ ಸದ್ದು ಮಾಡಿಕೊಂಡು. ಅತ್ತೆ ಎರಡು ತುತ್ತಿಗೆ ಮಾವಿನಮಿಡಿ ತಂದುಕೊಂಡರು. ನಾನು ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಸೌತೆಕಾಯಿಗಿಂತ ಅದೇ ಚೆನ್ನಾಗಿತ್ತು.

ಮರುವಾರ ನಾನು ತವರಿಗೆ ಹೋದೆ. ಡಬ್ಬಿ ಫ್ರಿಜ್ಜಿಗೆ ಹಾಕಿದರೆ ದಿನಾ ಕಲಸುವ ಕಷ್ಟ ತಪ್ಪುತ್ತಿತ್ತು, ಮರೆತೆ. ರಾತ್ರಿ ಇವರು ಫೋನ್ ಮಾಡಿದರು. "ನಿನ್ನ ತೌಡು ಕಲಸಿದೆ ಮಾರಾಯ್ತಿ. ಮೂರು ಸಲ ಸೋಪು ಹಾಕಿ ತೊಳೆದ್ರೂ ಕೈ ವಾಸನೆ ಹೋಗ್ತಿಲ್ಲ."