ಲೀಕ್ ತಲೆನೋವು ಮತ್ತು ತೂಕದ ಕಾಟ: ನನ್ನ ಅನುಭವ

ಎದ್ದು ನಿಂತರೆ ತಲೆನೋವು, ಮಲಗಿದರೆ ಆರಾಮ. ಬೆನ್ನುಹುರಿಯ ದ್ರವ ಲೀಕ್ ಆದ ಹೆಚ್ಚಿನವರ ಪಾಡು ಇದೇ. ನನಗೆ ಬೆನ್ನಿಗೆ ಸೂಜಿ ಹಾಕಿರಲಿಲ್ಲ, ಏಟೂ ಬಿದ್ದಿರಲಿಲ್ಲ, ತಾನಾಗಿಯೇ ಶುರುವಾದ ಲೀಕ್. ನಾನು ಮೊದಲಿಂದಲೂ ಸಣಕಲಿ. ಹಾಗಾಗಿ ನೋಡಲು ಬಂದವರೆಲ್ಲ "ಸ್ವಲ್ಪ ಮೈ ತುಂಬಿಕೋ, ಎಲ್ಲ ಸರಿಹೋಗುತ್ತೆ" ಅಂತಲೇ ಹೇಳಿದರು. ಈ ಮಾತಿನಲ್ಲಿ ಹುರುಳೆಷ್ಟು, ಜೊಳ್ಳೆಷ್ಟು ಅಂತ ನರರೋಗ ತಜ್ಞರನ್ನು ಕೇಳಿ, ನನ್ನ ಮೈಮೇಲೇ ನೋಡಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ದೊಡ್ಡವರ ಮೈಯಲ್ಲಿ ಈ ದ್ರವ ಒಂದು ಹೊತ್ತಿಗೆ ಸುಮಾರು 150 ಮಿ.ಲೀ. ಇರುತ್ತದೆ, ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ತಯಾರಾಗುತ್ತದೆ. ಮಿದುಳು ಇದರಲ್ಲೇ ತೇಲುತ್ತದೆ. ಬೆನ್ನಿನಲ್ಲೆಲ್ಲೋ ಪೊರೆ ಹರಿದು ದ್ರವ ಸೋರಿದರೆ, ನಿಂತಾಗ ಮಿದುಳು ಸ್ವಲ್ಪ ಕೆಳಗೆ ಜಗ್ಗಿ ಸುತ್ತಲಿನ ಪೊರೆಗಳನ್ನು ಎಳೆಯುತ್ತದೆ, ರಕ್ತನಾಳಗಳೂ ಉಬ್ಬುತ್ತವೆ. ಆ ನೋವೇ ಇದು. ತೂಕಕ್ಕೂ ಇದಕ್ಕೂ ನಂಟು ಬರುವುದು ಹೊಟ್ಟೆಯಿಂದ. ಹೊಟ್ಟೆ ಭಾಗದಲ್ಲಿ ಬೊಜ್ಜು ಜಾಸ್ತಿ ಇದ್ದರೆ ಒಳಗಿನ ಒತ್ತಡ ಏರುತ್ತದೆ, ಬೆನ್ನುಮೂಳೆಯೊಳಗಿನ ಅಭಿಧಮನಿಗಳು ತುಂಬಿಕೊಂಡು ಪೊರೆಯನ್ನು ಹೊರಗಿನಿಂದ ಅದುಮುತ್ತವೆ, ಹಾಗಾಗಿ ದ್ರವದ ಒತ್ತಡವೂ ಸ್ವಲ್ಪ ಮೇಲಿರುತ್ತದೆ. ಸಣ್ಣಗಿರುವವರಿಗೆ ಈ ಆಸರೆ ಕಡಿಮೆ. ಬೆನ್ನಿಗೆ ಸೂಜಿ ಹಾಕಿದ ಮೇಲೆ ಬರುವ ತಲೆನೋವು ವಯಸ್ಸು ಚಿಕ್ಕದಿರುವ, ತೆಳ್ಳಗಿರುವ ಹೆಂಗಸರಿಗೆ ಜಾಸ್ತಿ ಅನ್ನುವುದಕ್ಕೆ ಇದನ್ನೂ ಒಂದು ಕಾರಣವಾಗಿ ಹೇಳುತ್ತಾರೆ. ಆದರೆ ತೂಕದ ವಿಷಯದಲ್ಲಿ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ.

ದಪ್ಪ ಇದ್ದರೆ ಒಳ್ಳೆಯದು ಅಂತ ಅಂದುಕೊಳ್ಳುವ ಹಾಗೂ ಇಲ್ಲ. ತೂಕ ತುಂಬಾ ಜಾಸ್ತಿ ಇದ್ದವರಲ್ಲಿ ದ್ರವದ ಒತ್ತಡವೇ ವಿಪರೀತ ಏರುವ ಕಾಯಿಲೆ ಬೇರೆ ಇದೆ, ಅದರಲ್ಲಿ ಕಣ್ಣಿನ ನರವೇ ಹಾಳಾಗಬಹುದು. ಆ ಒತ್ತಡಕ್ಕೆ ತಲೆಬುರುಡೆಯ ತಳ ಸವೆದು ಮೂಗಿನಿಂದ ದ್ರವ ಸೋರುವುದೂ ಉಂಟು. ಅಲ್ಲಿ ತೂಕ ಇಳಿಸುವುದೇ ಮುಖ್ಯ ಚಿಕಿತ್ಸೆ. ಇನ್ನೊಂದು ಕಡೆ, ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತೂಕ ಬೇಗ ಇಳಿದವರಲ್ಲಿ ಕೆಲವರಿಗೆ ಬೆನ್ನಿನ ಲೀಕ್ ತಲೆನೋವು ಬಂದದ್ದೂ ವರದಿಯಾಗಿದೆ. ಹಾಗಾಗಿ ನನ್ನ ಲೆಕ್ಕ ಇಷ್ಟೇ: ತೂಕ ಒತ್ತಡವನ್ನು ಆಚೀಚೆ ಮಾಡಬಹುದು, ಆದರೆ ಇರುವ ತೂತನ್ನು ಮುಚ್ಚುವುದಿಲ್ಲ. ಮೈ ತುಂಬಿಕೊಂಡರೆ ವಾಸಿಯಾಗುತ್ತದೆ ಅಂತ ಕಾಯುತ್ತಾ ಕೂರುವುದು ದಂಡ.

ನಾನು ಮಾಡಿದ್ದು ತೂಕ ಏರಿಸುವುದಲ್ಲ, ಇಳಿಯದ ಹಾಗೆ ನೋಡಿಕೊಳ್ಳುವುದು. ಇದೇ ದೊಡ್ಡ ಕೆಲಸ ಆಯಿತು. ಕೂತು ಉಣ್ಣಲು ಆಗುವುದಿಲ್ಲ, ನಾಲ್ಕು ತುತ್ತಿಗೆ ಹಿಂದಲೆ ಹಿಡಿದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ, ತಟ್ಟೆ ದೂಡಿ ಮಲಗುತ್ತೇವೆ, ಹೀಗೆ ಮೈ ಇಳಿಯುತ್ತಾ ಹೋಗುತ್ತದೆ. ಕೊನೆಗೆ ಎಡಮಗ್ಗುಲಿಗೆ ಮಲಗಿ, ದಿಂಬಿನ ಪಕ್ಕ ಅಗಲ ಬಟ್ಟಲು ಇಟ್ಟುಕೊಂಡು, ಸಣ್ಣ ಸಣ್ಣ ತುತ್ತು ಮಾಡಿ ನಿಧಾನವಾಗಿ ಅಗಿದು ತಿನ್ನುವುದನ್ನು ರೂಢಿ ಮಾಡಿಕೊಂಡೆ. ನುಂಗುವಾಗ ಮಾತಾಡುತ್ತಿರಲಿಲ್ಲ, ನೆತ್ತಿಗೆ ಹತ್ತಿದರೆ ಕೆಮ್ಮು, ಕೆಮ್ಮಿದರೆ ತಲೆ ಸಿಡಿಯುತ್ತದೆ. ನೀರಿಗೆ ಬಗ್ಗಿಸಲು ಬರುವ ಸ್ಟ್ರಾ. ಹೊಟ್ಟೆ ತುಂಬಾ ಮೂರು ಊಟದ ಬದಲು ಆಗಾಗ ಸ್ವಲ್ಪ ಸ್ವಲ್ಪ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳುವುದೂ ಇದರ ಜೊತೆಗೇ ಬಂತು, ಯಾಕೆಂದರೆ ತಿಣುಕಿದರೆ ಪೊರೆಯ ಮೇಲೆ ಒತ್ತಡ ಬೀಳುತ್ತದೆ.

ಹೊಟ್ಟೆಗೆ ಕಟ್ಟುವ ಬೆಲ್ಟ್ ನನಗೆ ಸ್ವಲ್ಪ ನೆರವಾಯಿತು. ಕಟ್ಟಿಕೊಂಡರೆ ನಿಂತು ಹಲ್ಲುಜ್ಜುವಷ್ಟು ಹೊತ್ತು ಸಿಗುತ್ತಿತ್ತು. ಬೊಜ್ಜು ಮಾಡುವ ಕೆಲಸವನ್ನೇ ಇದು ತಾತ್ಕಾಲಿಕವಾಗಿ ಮಾಡುತ್ತದೆ, ಅಷ್ಟೇ. ಬಿಚ್ಚಿದ ಕೂಡಲೇ ಮೊದಲಿನ ಹಾಗೆ.

ಪರೀಕ್ಷೆಗಳ ಬಗ್ಗೆ ಎರಡು ಮಾತು. ಬೆನ್ನಿನಲ್ಲಿ ಸೂಜಿ ಹಾಕಿ ನೋಡುವ ದ್ರವದ ಒತ್ತಡ 6 ಸೆಂ.ಮೀ. ಎತ್ತರದ ನೀರಿನ ಒತ್ತಡಕ್ಕಿಂತ ಕಡಿಮೆ ಇದ್ದರೆ ಕಡಿಮೆ ಅಂತ ಲೆಕ್ಕ, ಆದರೆ ಲೀಕ್ ಇರುವ ಎಷ್ಟೋ ಜನರಲ್ಲಿ ಅದು ನಾರ್ಮಲ್ ಬರುತ್ತದೆ. ಮಿದುಳಿನ ಎಂಆರ್‌ಐ ಕೂಡ ಕೆಲವರಲ್ಲಿ ನಾರ್ಮಲ್. ಹಾಗಾಗಿ "ರಿಪೋರ್ಟ್ ಚೆನ್ನಾಗಿದೆ, ಇದು ಮೈಗ್ರೇನ್" ಅಂತ ವೈದ್ಯರು ಅಂದಾಗ ನಾನು ಒಂದು ಹಾಳೆ ಮುಂದಿಟ್ಟೆ: ಎದ್ದ ಹೊತ್ತು, ನೋವು ಶುರುವಾದ ಹೊತ್ತು, ಮಲಗಿದ ಮೇಲೆ ಇಳಿದ ಹೊತ್ತು. ತೂಕವನ್ನೂ ಅದರಲ್ಲೇ ಬರೆದಿದ್ದೆ. ಆ ಹಾಳೆ ನೋಡಿದ ಮೇಲೆಯೇ ಮಾತು ಬದಲಾದದ್ದು.

ಚಿಕಿತ್ಸೆ ಅಂದರೆ ಬ್ಲಡ್ ಪ್ಯಾಚ್. ನಮ್ಮದೇ ರಕ್ತ ತೆಗೆದು ಬೆನ್ನಿನಲ್ಲಿ ಪೊರೆಯ ಹೊರಗೆ ಬಿಡುತ್ತಾರೆ. 1960ರಲ್ಲಿ ಇದನ್ನು ಮೊದಲು ವರದಿ ಮಾಡಿದಾಗ ಬಳಸಿದ್ದು 2-3 ಮಿ.ಲೀ., ಈಗ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಜಾಸ್ತಿ ಹಾಕುತ್ತಾರೆ. ಒಂದೇ ಸಲಕ್ಕೆ ಎಲ್ಲರಿಗೂ ನಿಲ್ಲುವುದಿಲ್ಲ, ನನಗೂ ಮತ್ತೆ ಹಾಕಿಸಬೇಕಾಯಿತು. ಲೀಕ್ ನೇರವಾಗಿ ಅಭಿಧಮನಿಗೆ ಹೋಗುವ ಬಗೆಯದಾದರೆ, ಅಥವಾ ಮೂಳೆಯ ಮುಳ್ಳು ಪೊರೆ ಸೀಳಿದ್ದರೆ, ಬೇರೆ ಚಿಕಿತ್ಸೆಯೇ ಬೇಕಾಗಬಹುದು. ಅದನ್ನು ಹುಡುಕಲು ಮಯಲೋಗ್ರಾಮ್ ಬೇಕು, ಅಂದರೆ ಬೆನ್ನಿನ ದ್ರವದೊಳಗೆ ಚಿತ್ರದಲ್ಲಿ ಕಾಣುವ ಔಷಧಿ ಬಿಟ್ಟು ತೆಗೆಯುವ ಸ್ಕ್ಯಾನ್.

ಪ್ಯಾಚ್ ಆದ ಮೇಲೆ ಕೆಲವು ವಾರ ಬಗ್ಗುವುದು, ಭಾರ ಎತ್ತುವುದು, ಸೊಂಟ ತಿರುಗಿಸುವುದು ಎಲ್ಲ ಬಂದ್. ತಿನ್ನುವುದು ಸಲೀಸಾಯಿತು, ಓಡಾಟ ಇಲ್ಲ, ತೂಕ ತಾನಾಗಿ ಏರಿತು. ಅದೇ ಜನ ಈಗ "ವ್ಯಾಯಾಮ ಶುರುಮಾಡು, ಹೊಟ್ಟೆ ಬಂದಿದೆ" ಅಂದರು! ನಾನು ಕೇಳಲಿಲ್ಲ. ಮೊದಲು ಸುಮ್ನೆ ನಡೆಯುವುದು, ಆಮೇಲೆ ಸ್ವಲ್ಪ ಜಾಸ್ತಿ ನಡೆಯುವುದು. ಹೊಟ್ಟೆ ಮಡಚುವ ಕಸರತ್ತನ್ನು ವೈದ್ಯರು ಒಪ್ಪುವ ತನಕ ಮುಟ್ಟಲಿಲ್ಲ.

ಇನ್ನೊಂದು ಗೊತ್ತಿರಲಿ. ಪ್ಯಾಚ್ ನಂತರ ತಲೆನೋವು ಉಲ್ಟಾ ಹೊಡೆಯಬಹುದು: ಈಗ ಮಲಗಿದರೆ ಜಾಸ್ತಿ, ಹಣೆಯಲ್ಲಿ, ಕಣ್ಣು ಮಂಜು. ಇದು ಒತ್ತಡ ಮೇಲೆ ಹೋದ ಲಕ್ಷಣ, ಮತ್ತೆ ಲೀಕ್ ಅಂತ ಚಪ್ಪಟೆ ಮಲಗಿದರೆ ಇನ್ನೂ ಕಷ್ಟ. ನನಗೆ ತಲೆ ಎತ್ತರಿಸಿ ಮಲಗಿ, ವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಂಡ ಮೇಲೆ ಇಳಿಯಿತು. ಆದರೆ ಲೀಕ್ ಇರುವವರಲ್ಲಿ ನಿಂತರೂ ಮಲಗಿದರೂ ನೋವು ಒಂದೇ ಸಮ ಆಗಿ ಏರುತ್ತಿದ್ದರೆ, ಮಂಪರು ಬರುತ್ತಿದ್ದರೆ ಕಾಯಬೇಡಿ. ಮಿದುಳಿನ ಸುತ್ತ ರಕ್ತ ಕಟ್ಟಿಕೊಂಡಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.